ಬೋರ್ಡಿನ ಮೇಲೆ ಅಧ್ಯಕ್ಷರ ಹೆಸರು, ರಿಜಿಸ್ಟರಿನಲ್ಲಿ ಬೇರೆಯವರ ಅಕ್ಷರ: ಸಂಘದ ಇತಿಹಾಸ ಬರೆಯೋದು ಹೇಗೆ?

ಕೆರೆಏರಿ

ಎಲ್ಲರಿಗೂ ನಮಸ್ಕಾರ. ದಕ್ಷಿಣ ಬೆಂಗಳೂರಿನ ಒಂದು ಪುಟ್ಟ ನಿಸರ್ಗ ಸಂಘ ನಮ್ಮದು. ಹೆಸರು ಬೇಡ, ನಮ್ಮವರೇ ಇಬ್ಬರು ಮೂವರು ಇಲ್ಲಿದ್ದಾರೆ. ಈ ವರ್ಷಕ್ಕೆ 25 ತುಂಬಿತು. ಕಮಿಟಿಯಲ್ಲಿ ಎಲ್ಲರಿಗಿಂತ ಚಿಕ್ಕವನು ನಾನು. ಹಾಗಾಗಿ ಸ್ಮರಣ ಸಂಚಿಕೆಗೆ ಸಂಘದ ಇತಿಹಾಸ ಬರೆಯುವ ಕೆಲಸ ನನ್ನ ತಲೆಗೇ ಬಂತು. "ನಾಲ್ಕು ಪುಟ ಸಾಕಪ್ಪಾ. ಅಧ್ಯಕ್ಷರ ಫೋಟೊ ಸಾಲಾಗಿ ಹಾಕು, ಕೆಳಗೆ ಎರಡೆರಡು ಸಾಲು ಬರಿ" ಅಂದರು.

ಅಧ್ಯಕ್ಷರ ಪಟ್ಟಿಗೆ ಕಷ್ಟವೇ ಇಲ್ಲ. ಗೋಡೆಗೆ ತೂಗುಹಾಕಿದ ಬೋರ್ಡಿನಲ್ಲಿ ಚಿನ್ನದ ಬಣ್ಣದ ಪೇಂಟಿನಲ್ಲಿ ಆರು ಹೆಸರಿವೆ. ಇಸವಿಯೂ ಇದೆ. ಆರೂ ಜನ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು.

ಬೀರು ತೆಗೆದಾಗ ಪೇಚಾಟ ಶುರುವಾಯಿತು. ಭಾನುವಾರದ ನಡಿಗೆಯ ರಿಜಿಸ್ಟರುಗಳು, ಒಟ್ಟು 11. ಕೆಂಪು ಬಟ್ಟೆ ಬೆನ್ನಿನ ಉದ್ದ ಪುಸ್ತಕಗಳು. 2000ದ ಜೂನ್‌ನಿಂದ 2019ರವರೆಗೆ ಎಲ್ಲಾ ಪುಟದಲ್ಲೂ ಒಂದೇ ಕೈಬರಹ. ಅದು ನಮ್ಮ ಹಳೆಯ ಕಾರ್ಯದರ್ಶಿ ಮೇಡಂ ಅವರದು. ಬ್ಯಾಂಕಿನಲ್ಲಿ ಗುಮಾಸ್ತೆಯಾಗಿದ್ದರು, ಅಂಕಿಗಳೆಲ್ಲ ಮುತ್ತು ಪೋಣಿಸಿದ ಹಾಗಿವೆ. ಬೋರ್ಡಿನಲ್ಲಿ ಅವರ ಹೆಸರೇ ಇಲ್ಲ. ಕಾರ್ಯದರ್ಶಿಗಳಿಗೆ ನಮ್ಮಲ್ಲಿ ಬೋರ್ಡಿಲ್ಲ.

ಒಂದು ಪುಟ ಹಾಗೇ ಇಳಿಸುತ್ತೇನೆ. 2005, ಅಕ್ಟೋಬರ್. "ಬಂದವರು: ನಾನು. ಜೋರು ಮಳೆ. ಹಾಲಕ್ಕಿ 2, ಅದೇ ಪೊಟರೆ. ನಾಮದ ಕೋಳಿ ಎಣಿಸಲು ಆಗಲಿಲ್ಲ, ಕನ್ನಡಕ ಒದ್ದೆ." ಅಷ್ಟೇ. ಕೆಳಗೆ ಸಹಿ, ತಾರೀಕು.

ಇದನ್ನು ಓದಿದ ಮೇಲೆ ಆರು ಫೋಟೊ ಸಾಲಾಗಿ ಹಾಕಲು ಕೈ ಬರುತ್ತಿಲ್ಲ. ನಿಮ್ಮ ಸಂಘಗಳಲ್ಲಿ ಹೇಗೆ ಮಾಡಿದ್ದೀರಿ? ಸ್ಥಾಪಕರು ಅಂತ ಯಾರನ್ನು ಹೇಳುತ್ತೀರಿ?

ಹಳೇ ದುರ್ಬೀನು

ಕೆರೆಏರಿಯವರೇ, ಈ ರಗಳೆ ನಿಮ್ಮದೊಂದೇ ಅಲ್ಲ. ಈ ದೇಶದ ಹೆಸರಾಂತ ನಿಸರ್ಗ ಸಂಘ ಯಾವುದು? ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ. 1883ರ ಸೆಪ್ಟೆಂಬರ್ 15ರಂದು ಎಂಟು ಜನ ಸೇರಿ ಶುರು ಮಾಡಿದರು. ಆರು ಜನ ಬಿಳಿಯರು. ಇಬ್ಬರು ನಮ್ಮವರು, ಡಾ. ಆತ್ಮಾರಾಂ ಪಾಂಡುರಂಗ್ ಮತ್ತು ಡಾ. ಸಖಾರಾಂ ಅರ್ಜುನ್. ಆತ್ಮಾರಾಂ ಅವರು ಅಷ್ಟರಲ್ಲಿ ಪ್ರಾರ್ಥನಾ ಸಮಾಜ ಕಟ್ಟಿದ್ದರು, ಮುಂಬೈ ಷರೀಫ್ ಕೂಡ ಆಗಿದ್ದರು. ಆ ಎಂಟು ಜನಕ್ಕೆ ಸ್ವಂತ ಕಟ್ಟಡವೂ ಇರಲಿಲ್ಲ, ಬೈಕಲ್ಲಾದ ಮ್ಯೂಸಿಯಂನಲ್ಲಿ ಸೇರುತ್ತಿದ್ದರು.

ಆಮೇಲೆ ಜಾಗ ಕೊಟ್ಟವರು ಎಚ್.ಎಂ. ಫಿಪ್ಸನ್. ಅವರದು ಹೆಂಡದ ವ್ಯಾಪಾರ! ಹೌದು ಸ್ವಾಮಿ, ವೈನ್ ಮಾರುವ ಕಂಪನಿ. ತಮ್ಮ ಅಂಗಡಿಯಲ್ಲೇ ಒಂದಿಷ್ಟು ಜಾಗ ಬಿಟ್ಟುಕೊಟ್ಟರು. ಒಂದು ಕಡೆ ಬಾಟಲಿ, ಇನ್ನೊಂದು ಕಡೆ ಸತ್ತ ಹಾವು, ಹಕ್ಕಿ ಚರ್ಮ. ಅಲ್ಲಿ ಒಂದು ಮಂಗಟ್ಟೆ ಹಕ್ಕಿಯೂ ಇತ್ತು, ಹೆಸರು ವಿಲಿಯಂ. 1894ರಿಂದ 1920ರವರೆಗೆ ಅಲ್ಲೇ ಬದುಕಿತ್ತು. ಸೊಸೈಟಿಯ ಲಾಂಛನದಲ್ಲಿ ಈಗಲೂ ಮಂಗಟ್ಟೆಯೇ ಇರುವುದು.

ಅಧ್ಯಕ್ಷರ ಕುರ್ಚಿಯಲ್ಲಿ ಬಾಂಬೆ ಗವರ್ನರುಗಳು ಕೂರುತ್ತಿದ್ದರು. ಅವರ ಹೆಸರು ಇವತ್ತು ಯಾರಿಗಾದರೂ ನೆನಪಿದೆಯಾ? ಸೊಸೈಟಿಯನ್ನು ನಡೆಸಿದವರು ಗೌರವ ಕಾರ್ಯದರ್ಶಿಗಳು. ಗೌರವ ಅಂದರೆ ಸಂಬಳ ಇಲ್ಲ ಅಂತ ಅರ್ಥ. ಮೊದಲು ಇ.ಎಚ್. ಐಟ್ಕನ್. ಆಮೇಲೆ 1886ರಿಂದ 1906ರವರೆಗೆ ಫಿಪ್ಸನ್. ಸೊಸೈಟಿಯ ಪತ್ರಿಕೆ ಶುರುವಾದದ್ದೂ 1886ರಲ್ಲೇ. ನಂತರ ಅದೇ ಅಂಗಡಿಯಲ್ಲಿ ಅವರ ಜೊತೆ ಕೆಲಸ ಮಾಡುತ್ತಿದ್ದ ಡಬ್ಲ್ಯು.ಎಸ್. ಮಿಲ್ಲಾರ್ಡ್, 1920ರವರೆಗೆ.

ಈ ಮಿಲ್ಲಾರ್ಡ್ ಹತ್ತಿರ 1908ರಲ್ಲಿ ಒಬ್ಬ ಹುಡುಗ ಹೋದ. ಏರ್‌ಗನ್ನಿನಲ್ಲಿ ಒಂದು ಗುಬ್ಬಿ ಹೊಡೆದಿದ್ದ. ಅದರ ಕತ್ತಿನಲ್ಲಿ ಹಳದಿ ಮಚ್ಚೆ ಇತ್ತು. ಇದು ಯಾವ ಗುಬ್ಬಿ ಅಂತ ಕೇಳಲು ಸೋದರಮಾವ ಕಳಿಸಿದ್ದರು. ಮಿಲ್ಲಾರ್ಡ್ ಬೈದು ಓಡಿಸಲಿಲ್ಲ. ಡ್ರಾಯರುಗಳನ್ನು ಒಂದೊಂದಾಗಿ ಎಳೆದು ಅಲ್ಲಿದ್ದ ಹಕ್ಕಿಗಳನ್ನೆಲ್ಲ ತೋರಿಸಿದರು. ಆ ಹುಡುಗನೇ ಪಕ್ಷಿತಜ್ಞ ಸಲೀಂ ಅಲಿ. ಮುಂದೆ 1939-40ರಲ್ಲಿ ನಮ್ಮ ಮೈಸೂರು ಸಂಸ್ಥಾನದ ಹಕ್ಕಿ ಸಮೀಕ್ಷೆ ಮಾಡಿದವರೂ ಅವರೇ. ಆವತ್ತು ಡ್ರಾಯರ್ ಎಳೆಯದಿದ್ದರೆ ಏನಾಗುತ್ತಿತ್ತೋ.

ಹಾಗಾಗಿ ನನ್ನ ಮಾತು ಇಷ್ಟು. ಗವರ್ನರನ್ನು ಒಂದು ಸಾಲಿನಲ್ಲಿ ಮುಗಿಸಿ. ಕಾರ್ಯದರ್ಶಿಗೆ ಪುಟ ಕೊಡಿ.

ಹೂಗುಬ್ಬಿ

ದುರ್ಬೀನು ಸಾರ್, ಚೆನ್ನಾಗಿದೆ. ಆದರೆ ಬಾಂಬೆ ಯಾಕೆ, ನಮ್ಮ ಬೆಂಗಳೂರಿನ ಕಥೆ ಹೇಳಿ. ಲಾಲ್‌ಬಾಗಿನಲ್ಲಿ ಎರಡನೇ ಭಾನುವಾರದ ನಡಿಗೆ ಇದೆಯಲ್ಲ, ನಾನು ಮೊದಲು ಹೋದದ್ದು ಅಲ್ಲಿಗೇ. ಯಾರು ಅಧ್ಯಕ್ಷರು, ಯಾರು ಮೆಂಬರ್ ಅಂತ ನನಗೆ ಗೊತ್ತಾಗಲೇ ಇಲ್ಲ. ಹಿಂದೆ ನಿಂತೆ. ಯಾರೋ ಒಬ್ಬರು ತಮ್ಮ ದುರ್ಬೀನು ಕತ್ತಿನಿಂದ ತೆಗೆದು ನನ್ನ ಕೈಗೆ ಕೊಟ್ಟರು. "ಅಲ್ಲಿ ನೋಡಮ್ಮಾ, ಬಾಲ ಕುಣಿಸ್ತಾ ಇದೆ, ಸಿಪಿಲೆ. ಹಿಮಾಲಯದ ಕಡೆಯಿಂದ ಬಂದಿದೆ" ಅಂದರು. ಸೆಪ್ಟೆಂಬರ್ ತಿಂಗಳು. ಅವರ ಹೆಸರು ಇವತ್ತಿಗೂ ಗೊತ್ತಿಲ್ಲ.

ಹಳೇ ದುರ್ಬೀನು

ಹೇಳುತ್ತೇನಮ್ಮ. ಬೆಂಗಳೂರಿನಲ್ಲಿ ಹಕ್ಕಿ ನೋಡುವವರನ್ನು ಒಟ್ಟಿಗೆ ತಂದವರು ಡಾ. ಜೋಸೆಫ್ ಜಾರ್ಜ್. ವೃತ್ತಿಯಿಂದ ಮರದ ವಿಜ್ಞಾನಿ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದು, ಇಲ್ಲಿ ತುಮಕೂರು ರಸ್ತೆಯ ಪ್ಲೈವುಡ್ ಸಂಶೋಧನಾ ಸಂಸ್ಥೆಗೆ ಬಂದರು. 70ರ ದಶಕದ ಶುರುವಿನಲ್ಲಿ ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್ ಆಫ್ ಬೆಂಗಳೂರು ಹುಟ್ಟಿತು. ವಾರವೆಲ್ಲಾ ಪ್ಲೈವುಡ್ಡು, ಭಾನುವಾರ ಹಕ್ಕಿ. 1994ರಲ್ಲಿ ಬೆಂಗಳೂರಿನ ಹಕ್ಕಿಗಳ ಟಿಪ್ಪಣಿ ಸಹಿತ ಪಟ್ಟಿ ಬಂತು. ಸಂಪಾದಕರು ಅವರೇ. ಯಾವ ಕೆರೆಯಲ್ಲಿ ಯಾವುದು ಕಂಡಿತ್ತು ಅಂತ ಹಲವು ವರ್ಷ ಹಲವರು ಬರೆದಿಟ್ಟ ಚೀಟಿಗಳಿಲ್ಲದೆ ಅಂಥ ಪಟ್ಟಿ ಆಗುವುದಿಲ್ಲ.

ಇನ್ನೊಬ್ಬರು ಜಾಫರ್ ಫತೇಹಲ್ಲಿ. 1962ರಿಂದ 1973ರವರೆಗೆ ಬಾಂಬೆ ಸೊಸೈಟಿಯ ಗೌರವ ಕಾರ್ಯದರ್ಶಿಯಾಗಿದ್ದವರು. ಆಮೇಲೆ ಬೆಂಗಳೂರಿಗೆ ಬಂದು ದೊಡ್ಡಗುಬ್ಬಿಯಲ್ಲಿ ನೆಲೆಸಿದರು. ಹಕ್ಕಿ ನೋಡುವವರಿಗೆಂದೇ 1960ರಲ್ಲಿ ಒಂದು ಚಿಕ್ಕ ಸುದ್ದಿಪತ್ರ ಶುರು ಮಾಡಿದ್ದರು. ಅದರಲ್ಲಿ ಪ್ರೊಫೆಸರೂ ಬರೆಯಬಹುದಿತ್ತು, ಶಾಲೆ ಹುಡುಗನೂ ಬರೆಯಬಹುದಿತ್ತು. 2013ರಲ್ಲಿ ತೀರಿಕೊಂಡರು.

ಆಡಿಟ್ ಅಣ್ಣ

ಭಾವನೆ ಎಲ್ಲಾ ಸರಿ. ಕಾಗದದ ಮಾತು ಆಡೋಣ್ವಾ?

ಕೆರೆಏರಿ ಅವರೇ, ನಿಮ್ಮದು ನೋಂದಾಯಿತ ಸಂಘ ತಾನೇ? ಹಾಗಿದ್ದರೆ ಸ್ಥಾಪಕರು ಯಾರು ಅನ್ನೋದು ತಲೆಕೆಡಿಸಿಕೊಳ್ಳುವ ಪ್ರಶ್ನೆಯೇ ಅಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960. ಅದರ ಪ್ರಕಾರ ಕನಿಷ್ಠ ಏಳು ಜನ ಮೆಮೊರಂಡಂಗೆ, ಅಂದರೆ ಸಂಘದ ಉದ್ದೇಶ ಬರೆದ ಮೂಲ ಪತ್ರಕ್ಕೆ, ಸಹಿ ಹಾಕಿರಬೇಕು. ಆ ಏಳು ಜನರೇ ಕಾಗದದ ಮೇಲೆ ಸ್ಥಾಪಕರು. ಮೂಲ ಪ್ರತಿ ನಿಮ್ಮ ಬೀರುವಿನಲ್ಲಿ ಇಲ್ಲದಿದ್ದರೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ದೃಢೀಕೃತ ನಕಲು ಕೇಳಿ.

ಇನ್ನೊಂದು. ಪ್ರತಿ ವರ್ಷ ಸರ್ವಸದಸ್ಯರ ಸಭೆ ಆದ 14 ದಿನದೊಳಗೆ ಹೊಸ ಕಮಿಟಿಯ ಪಟ್ಟಿ ಸಲ್ಲಿಸಬೇಕು. ಆ ಪಟ್ಟಿಗಳನ್ನು ಜೋಡಿಸಿಕೊಂಡರೆ ನಿಮ್ಮ ನಾಯಕತ್ವದ ಇತಿಹಾಸ ತಾನಾಗೇ ಸಿಗುತ್ತದೆ, ಕಾರ್ಯದರ್ಶಿ, ಖಜಾಂಚಿ ಎಲ್ಲರ ಹೆಸರೂ ಇರುತ್ತದೆ. ಸಲ್ಲಿಸಿದ್ದರೆ!

ಯಾಕೆ ಹೇಳಿದೆ ಅಂದರೆ, ನಾನು ಲೆಕ್ಕ ನೋಡುತ್ತಿದ್ದ ಒಂದು ಸಂಘ (ಹಕ್ಕಿಯದ್ದಲ್ಲ, ಬೇರೆ) ಎಂಟು ವರ್ಷ ಏನೂ ಸಲ್ಲಿಸಿರಲಿಲ್ಲ. ಎಲ್ಲರೂ ಸ್ನೇಹಿತರು, ಕಾಫಿ ಕುಡಿದು ಎದ್ದು ಹೋಗುತ್ತಿದ್ದರು. ಆಮೇಲೆ ಜಗಳ ಬಂತು. ಎರಡು ಗುಂಪು, ಇಬ್ಬರು ಅಧ್ಯಕ್ಷರು, ಎರಡು ರಬ್ಬರ್ ಸ್ಟಾಂಪು. ಬ್ಯಾಂಕಿನವರು ಖಾತೆ ನಿಲ್ಲಿಸಿದರು. ಯಾರು ನಿಜವಾದ ಕಮಿಟಿ ಅಂತ ತೋರಿಸಲು ಇಬ್ಬರ ಹತ್ತಿರವೂ ಒಂದು ಹಾಳೆ ಇರಲಿಲ್ಲ.

ಖಾರಾಪುರಿ

ನಾನು ಸ್ವಲ್ಪ ಉಲ್ಟಾ ಹೇಳುತ್ತೇನೆ, ಬೈಬೇಡಿ.

ಅಧ್ಯಕ್ಷರು ಅಂದರೆ ಬರೀ ಫೋಟೊ ಅಂತ ಎಲ್ಲರೂ ಮೂಗು ಮುರಿಯುತ್ತಿದ್ದೀರಿ. ನಮ್ಮ ಕೆರೆಗೆ ಬೇಲಿ ಹಾಕಿ ಗೇಟಿಗೆ ಬೀಗ ಜಡಿದಾಗ ಏನಾಯಿತು ಗೊತ್ತಾ? ಮೂರು ತಿಂಗಳು ನಾವು ಯಾವುದೋ ಕಚೇರಿಗೆ ಅಲೆದೆವು. ಇವತ್ತು ಸಾಹೇಬರು ಇಲ್ಲ, ನಾಳೆ ಬನ್ನಿ. ನಮ್ಮ ಅಧ್ಯಕ್ಷರು ಅರಣ್ಯ ಇಲಾಖೆಯಿಂದ ನಿವೃತ್ತರಾದವರು. ಒಂದು ಫೋನ್, ಒಂದು ಪುಟದ ಪತ್ರ. ಮರುವಾರವೇ ಬೆಳಿಗ್ಗೆ ಆರಕ್ಕೆ ಗೇಟು ತೆಗೆದರು. ಆ ಮನುಷ್ಯನಿಗೆ ನೀರುಕಾಗೆಗೂ ಹಾವಕ್ಕಿಗೂ ವ್ಯತ್ಯಾಸ ಗೊತ್ತಿರಲಿಲ್ಲ, ನಿಜ. ಆದರೆ ಗೇಟು ತೆಗೆಸಿದ್ದು ಯಾರು?

ಎರಡನೇ ಮಾತು ಇನ್ನೂ ಖಾರ. 19 ವರ್ಷ ಒಬ್ಬರೇ ಬರೆದರು ಅಂತ ಹೊಗಳುತ್ತಿದ್ದೀರಿ. 2019ರ ನಂತರ ಏನಾಯಿತು ಅಂತ ಕೆರೆಏರಿ ಹೇಳಲೇ ಇಲ್ಲ. ಪುಸ್ತಕ ನಿಂತುಹೋಯಿತು ಅಲ್ವಾ? ನಮ್ಮಲ್ಲೂ ಹೀಗೇ ಆಯಿತು. ಒಬ್ಬರು ಎಲ್ಲವನ್ನೂ ಪ್ರೀತಿಯಿಂದ ಮಾಡುತ್ತಾರೆ. ಬೇರೆಯವರಿಗೆ ಪೆನ್ನು ಹಿಡಿಯುವ ಅಭ್ಯಾಸವೇ ಆಗುವುದಿಲ್ಲ. ಅವರು ಕೂತರೆ ಸಂಘ ಕೂತಂತೆ.

ಕೆರೆಏರಿ

ಖಾರಾಪುರಿ, ಸರಿಯಾದ ಜಾಗಕ್ಕೇ ಚುಚ್ಚಿದಿರಿ. 2019ರಲ್ಲಿ ಮೇಡಂಗೆ ಮಂಡಿ ಆಪರೇಷನ್ ಆಯಿತು. ಆಮೇಲೆ ಕೊರೊನಾ. 2021ರ ಕೊನೆಯವರೆಗೆ ರಿಜಿಸ್ಟರ್ ಖಾಲಿ. ನಡಿಗೆ ನಿಂತಿರಲಿಲ್ಲ, ಲಾಕ್‌ಡೌನ್ ಬಿಟ್ಟು ಆಗಾಗ ಹೋಗುತ್ತಿದ್ದೆವು. ಯಾರೂ ಬರೆಯಲಿಲ್ಲ ಅಷ್ಟೇ. ನಾನೂ ಬರೆಯಲಿಲ್ಲ. ಮೊಬೈಲಿನಲ್ಲಿ ಇ-ಬರ್ಡ್ ಅನ್ನೋ ಹಕ್ಕಿ ಪಟ್ಟಿಯ ಆ್ಯಪ್‌ಗೆ ನನ್ನ ಪಟ್ಟಿ ಹಾಕಿಕೊಂಡು ಸುಮ್ಮನಾಗುತ್ತಿದ್ದೆ.

ಫಿಪ್ಸನ್ ವಿಷಯದಲ್ಲಿ ನನಗೆ ಇಷ್ಟವಾದದ್ದೂ ಅದೇ. 20 ವರ್ಷ ಮಾಡಿದರು, ಪಕ್ಕದಲ್ಲೇ ಮಿಲ್ಲಾರ್ಡ್ ಇದ್ದರು. ನಮ್ಮ ಮೇಡಂ ಪಕ್ಕದಲ್ಲಿ ನಾವು ಇದ್ದೆವು, ಆದರೆ ಇರಲಿಲ್ಲ.

ಈಗ ಒಂದು ಒಗಟು. ರಿಜಿಸ್ಟರಿನಲ್ಲಿ ಕೆಲವು ಸಾಲುಗಳ ಮುಂದೆ "ವಾ" ಅಂತ ಒಂದಕ್ಷರ ಇದೆ. "ವಾ: ಹೆಜ್ಜಾರ್ಲೆ 14." "ವಾ: ದೇವನಕ್ಕಿ 3, ಮರಿ 2." ಕೆರೆಯ ವಾಯವ್ಯ ಮೂಲೆ ಅಂದುಕೊಂಡು ಲೆಕ್ಕ ಹಾಕುತ್ತಿದ್ದೆ. ಅಲ್ಲಿ ಜೊಂಡು ಜಾಸ್ತಿ, ದೇವನಕ್ಕಿ ಸಿಗುವ ಜಾಗವೇ. ಆದರೆ ನಿನ್ನೆ ಇದು ಸಿಕ್ಕಿತು: "ವಾ: ಇರುಳು ಬಕ 9, ರಾತ್ರಿ ಎರಡು ಗಂಟೆ." ಆ ಹೊತ್ತಿನಲ್ಲಿ ಕೆರೆಯಲ್ಲಿ ಯಾರು ಎಣಿಸುತ್ತಿದ್ದರು?

ಜಾಲಿಮರ

ಹೆಸರು ಹೇಳದಿದ್ದರೂ ನಿಮ್ಮ ಸಂಘ ಯಾವುದು ಅಂತ ಗೊತ್ತಾಯಿತು, ಆ ಕನ್ನಡಕ ಒದ್ದೆ ಅನ್ನೋ ಸಾಲಿನಲ್ಲೇ. ನಾನೂ ಮೊದಲ ಆರೇಳು ವರ್ಷ ಬರುತ್ತಿದ್ದೆ. ಆಮೇಲೆ ಮನೆ ಬದಲಾಯಿಸಿದೆವು.

ಅದು ವಾಯವ್ಯ ಅಲ್ಲ ಮಾರಾಯ್ರೇ. ವಾಚ್‌ಮನ್!

ಕೆರೆ ಕಾಯಲು ಒಬ್ಬ ತಾತ ಇದ್ದರು. ಪಂಪ್‌ಹೌಸ್ ಪಕ್ಕ ಶೀಟಿನ ಗುಡಿಸಲು. ಮೇಡಂ ಬೆಳಿಗ್ಗೆ ಬಂದ ತಕ್ಷಣ ಮೊದಲು ಅಲ್ಲಿಗೆ ಹೋಗುತ್ತಿದ್ದರು, ಆಮೇಲೆ ನಮ್ಮ ಹತ್ತಿರ. ನಾವು ಅವರು ಟೀ ಕುಡಿಯಲು ಹೋಗುತ್ತಾರೆ ಅಂದುಕೊಂಡಿದ್ದೆವು.

ಹೂಗುಬ್ಬಿ

ಅಯ್ಯೋ! ಮೈ ಜುಂ ಅಂತು.

ಸಾರ್, ಇದನ್ನು ಬರೆಯಲೇಬೇಕು. ಲಾಲ್‌ಬಾಗಿನಲ್ಲೂ ಹಾಗೇ. ಹಾಲಕ್ಕಿ ಪೊಟರೆ ಯಾವ ಮರದಲ್ಲಿದೆ ಅಂತ ಮಾಲಿಗಳಿಗೆ ಗೊತ್ತಿದ್ದಷ್ಟು ದೊಡ್ಡ ಲೆನ್ಸಿನವರಿಗೂ ಗೊತ್ತಿರುವುದಿಲ್ಲ. ಆದರೆ ನಡಿಗೆ ಪೂರ್ತಿ ಇಂಗ್ಲಿಷಿನಲ್ಲಿ ನಡೆದರೆ ಅವರು ಎಲ್ಲಿ ಬಾಯಿ ಹಾಕುತ್ತಾರೆ? ನಾನು ನಡಿಗೆ ನಡೆಸುವಾಗ ಈಗ ಹಠ ಹಿಡಿದು ಕನ್ನಡದ ಹೆಸರು ಹೇಳುತ್ತೇನೆ. ಮಡಿವಾಳ, ಪಿಕಳಾರ, ಕಾಜಾಣ, ಕುಟುರ, ಕೆಂಬೂತ. ಮೊನ್ನೆ ಕಸ ಗುಡಿಸುತ್ತಿದ್ದ ಅಕ್ಕ ನಿಂತು ಕೇಳಿಸಿಕೊಂಡರು. "ಕೆಂಬೂತ ನಮ್ಮೂರಲ್ಲಿ ಬೇಲಿ ತುಂಬಾ ಇರೋದು ಕಣಮ್ಮಾ, ಅದು ಎದುರಾದ್ರೆ ಒಳ್ಳೇದು ಅಂತಾರೆ" ಅಂದರು. ಆಮೇಲೆ ಹತ್ತು ನಿಮಿಷ ನಡಿಗೆ ಅವರದ್ದೇ.

ಖಾರಾಪುರಿ

ಕೆಂಬೂತ ನವಿಲನ್ನು ನೋಡಿ ಪುಕ್ಕ ಕೆದರಿತಂತೆ ಅಂತ ಗಾದೆ ಬೇರೆ ಇದೆ. ನಮ್ಮ ಕಮಿಟಿ ಮೀಟಿಂಗ್ ನೋಡಿದಾಗಲೆಲ್ಲ ನೆನಪಾಗುತ್ತದೆ.

ಆಡಿಟ್ ಅಣ್ಣ

ನಗು ಸಾಕು. ತಾತನ ಹೆಸರೇನು? ಇತಿಹಾಸದಲ್ಲಿ "ಒಬ್ಬ ವಾಚ್‌ಮನ್" ಅಂತ ಹಾಕಿದರೆ ಬೋರ್ಡಿನ ಕಥೆಯೇ ಆಯಿತು, ಇನ್ನೊಂದು ಸಲ.

ಜಾಲಿಮರ

ತಾತ ಅಂತಲೇ ಕರೆಯುತ್ತಿದ್ದೆವು. ಕನಕಪುರದ ಕಡೆಯವರು ಅಂತ ನೆನಪು. ಹೆಸರು ಕೇಳಿದ್ದೇ ಇಲ್ಲ ನೋಡಿ. ನಾಚಿಕೆ ಆಗುತ್ತದೆ.

ಕೆರೆಏರಿ

ಮೂರು ದಿನ ಇತ್ತ ಬರಲಾಗಲಿಲ್ಲ. ಮೇಡಂ ಮನೆಗೆ ಹೋಗಿದ್ದೆ. ಎರಡು ಗಂಟೆ ಕೂತೆ, ಚಕ್ಕುಲಿ ತಿಂದೆ.

ಮೊದಲು ಖಾರಾಪುರಿಯವರ ಪ್ರಶ್ನೆ ಕೇಳಿದೆ. ಯಾಕೆ ಮೇಡಂ ಯಾರಿಗೂ ಪೆನ್ನು ಕೊಡಲಿಲ್ಲ? ಅವರು ನಕ್ಕರು. "ಕೊಟ್ಟೆನಲ್ಲೋ. ಒಬ್ಬ ಬರೆದ, ಹೆಜ್ಜಾರ್ಲೆ ಸುಮಾರು ಅಂತ. ಸುಮಾರು ಅಂದ್ರೆ ಎಷ್ಟು? ವಾಪಸ್ ಕಿತ್ತುಕೊಂಡೆ. ಅದು ನನ್ನ ತಪ್ಪು, ಕಲಿಸಬೇಕಿತ್ತು. ನನಗೆ ತಾಳ್ಮೆ ಇರಲಿಲ್ಲ." ಹೀಗೆ ನೇರವಾಗಿ ಹೇಳಿಬಿಟ್ಟರು. ಇದನ್ನೂ ಬರೆ ಅಂದರು.

ಆಮೇಲೆ ತಾತನ ವಿಷಯ ಎತ್ತಿದೆ. ಮೇಡಂ ಎದ್ದು ಒಳಗೆ ಹೋದರು, ನಿಧಾನಕ್ಕೆ, ಗೋಡೆ ಹಿಡಿದುಕೊಂಡು. ಒಂದು ಹಳೇ ಬೋರ್ನ್‌ವಿಟಾ ಡಬ್ಬ ತಂದರು. ಮುಚ್ಚಳಕ್ಕೆ ತುಕ್ಕು. ಅಲ್ಲಾಡಿಸಿದರೆ ಗಲಗಲ ಅಂತು.

ತಾತನಿಗೆ ಬರೆಯಲು ಬರುತ್ತಿರಲಿಲ್ಲವಂತೆ. ರಾತ್ರಿ ಎರಡಕ್ಕೆ, ಮತ್ತೆ ಬೆಳಗಿನ ಜಾವ ಒಂದು ಸುತ್ತು ಹೊಡೆಯುವಾಗ ಹಕ್ಕಿ ಎಣಿಸುತ್ತಿದ್ದರು. ಒಂದು ಹೆಜ್ಜಾರ್ಲೆಗೆ ಒಂದು ಹುಣಸೆ ಬೀಜ. ಒಂದು ಇರುಳು ಬಕಕ್ಕೆ ಒಂದು ಬೆಣಚು ಕಲ್ಲು. ದೇವನಕ್ಕಿಗೆ ಹೊಂಗೆ ಬೀಜ. ಎಲ್ಲಾ ಡಬ್ಬಕ್ಕೆ ಹಾಕುತ್ತಿದ್ದರು. ಭಾನುವಾರ ಬೆಳಿಗ್ಗೆ ಮೇಡಂ ಹೋಗಿ ಸೆರಗಿನ ಮೇಲೆ ಸುರಿದುಕೊಂಡು, ವಿಂಗಡಿಸಿ, ಎಣಿಸಿ, ರಿಜಿಸ್ಟರಿಗೆ ಬರೆದು, ಡಬ್ಬ ವಾಪಸ್ ಕೊಡುತ್ತಿದ್ದರು. ಒಂದು ಸಲ ಹುಣಸೆ ಬೀಜ 60 ದಾಟಿತ್ತು. ಮೇಡಂ ನಂಬಲಿಲ್ಲ. ಮುಂದಿನ ಭಾನುವಾರ ನಾಲ್ಕೂವರೆಗೇ ಟಾರ್ಚ್ ಹಿಡಿದು ಹೋದರು. ದ್ವೀಪದ ಮರಗಳ ಮೇಲೆ ಹೆಜ್ಜಾರ್ಲೆಗಳು ಮಲಗಿದ್ದವು. ನಾವು ಆರೂವರೆಗೆ ಹೋಗುವ ಹೊತ್ತಿಗೆ ಅವು ಬೇರೆ ಕೆರೆಗೆ ಹಾರಿ ಹೋಗಿರುತ್ತಿದ್ದವು. ಅದಕ್ಕೇ ನಮ್ಮ ಲೆಕ್ಕದಲ್ಲಿ ಯಾವಾಗಲೂ ಹತ್ತು, ಹದಿನೈದು. ತಾತನ ಲೆಕ್ಕದಲ್ಲಿ ಕೆಲವು ಸಲ ಐವತ್ತು.

ಹಾಗಾಗಿ "ವಾ" ಅಂದರೆ ವಾಯವ್ಯ ಅಂದುಕೊಂಡು ನಾನು ಹಾಕಿಕೊಂಡಿದ್ದ ಲೆಕ್ಕವೆಲ್ಲ ಈಗ ತಲೆಕೆಳಗಾಗಿದೆ. ಮತ್ತೆ ಮೊದಲ ಪುಸ್ತಕದಿಂದ ಶುರು ಮಾಡಬೇಕು.

ಹೆಸರು? ಮೇಡಂಗೂ ನೆನಪಿಲ್ಲ. ಅವರೂ ತಾತ ಅಂತಲೇ ಕರೆಯುತ್ತಿದ್ದರು. ಅದನ್ನು ಹೇಳುವಾಗ ಸ್ವಲ್ಪ ಹೊತ್ತು ಸುಮ್ಮನಾದರು.

ಆಡಿಟ್ ಅಣ್ಣ

ವೋಚರ್ ಫೈಲ್ ನೋಡಿ. ದೀಪಾವಳಿಗೋ ಯುಗಾದಿಗೋ ಇನಾಮು ಕೊಟ್ಟೇ ಇರುತ್ತಾರೆ. ಮೇಡಂ ಬ್ಯಾಂಕಿನವರು. ಹೆಬ್ಬೆಟ್ಟಿನ ಗುರುತಿನ ಪಕ್ಕ ಹೆಸರು ಬರೆಸದೆ ದುಡ್ಡು ಕೊಡುವವರಲ್ಲ. ಹಳೇ ವೋಚರ್ ಯಾರೂ ಎಸೆದಿಲ್ಲ ಅಂದುಕೊಳ್ಳೋಣ.

ಹಳೇ ದುರ್ಬೀನು

ಲೆಕ್ಕಪತ್ರದವರ ಮೇಲೆ ನನಗಿದ್ದ ಸಿಟ್ಟೆಲ್ಲ ಇವತ್ತು ಇಳಿಯಿತು.

ಕೆರೆಏರಿ

ಸಿಕ್ಕಿತು. ಖಜಾಂಚಿಗಳ ಮನೆ ಅಟ್ಟದ ಮೇಲೆ, ಹಳೇ ಸೂಟ್‌ಕೇಸಿನಲ್ಲಿ. 2006, ದೀಪಾವಳಿ ಇನಾಮು, ರೂ. 200. ರೆವಿನ್ಯೂ ಸ್ಟಾಂಪಿನ ಪಕ್ಕ ನೇರಳೆ ಇಂಕಿನ ಹೆಬ್ಬೆಟ್ಟು. ಅದರ ಕೆಳಗೆ ಮೇಡಂ ಅಕ್ಷರದಲ್ಲಿ ಪೂರ್ತಿ ಹೆಸರು, ತಂದೆ ಹೆಸರು, ಊರು.

ಇಲ್ಲಿ ಹಾಕುವುದಿಲ್ಲ. ಊರು ಗೊತ್ತಾಯಿತಲ್ಲ, ಶನಿವಾರ ಬೈಕಿನಲ್ಲಿ ಹೋಗಿ ಮನೆಯವರನ್ನು ಕೇಳಿ ಬರುತ್ತೇನೆ. ಜಾಲಿಮರ ಅವರೇ, ಬರುತ್ತೀರಾ? ನೀವು ಮುಖ ನೋಡಿದವರು. ಹಿಂದಿನ ಸೀಟು ಖಾಲಿ ಇದೆ.

ಜಾಲಿಮರ

ಬರುತ್ತೇನೆ. ಎಷ್ಟು ಗಂಟೆಗೆ?